ಬರೇ ಪಲ್ಲ ಇರೋ ಹಾಡು

ನಮ್ಮ ದೊಡ್ಡವ್ವನಿಗೆ ಡಿಜೆ ಅಂದ್ರೆ ಆಗಲ್ಲ. ನನಗೂ ಆಗಲ್ಲ. ಹುಬ್ಬಳ್ಳಿಯಲ್ಲಿ ಗಣಪತಿ ಕಳಿಸುವ ರಾತ್ರಿ ನಮ್ಮ ಓಣಿಯ ಕಿಟಕಿ ಗಾಜೆಲ್ಲ ಗಡಗಡ ನಡುಗುತ್ತವೆ. ಅಡುಗೆಮನೆಯಲ್ಲಿ ತೊಳೆದಿಟ್ಟ ತಾಟುಗಳು ತಮ್ಮಷ್ಟಕ್ಕೆ ತಾವೇ ಸರಿದಾಡುತ್ತವೆ. ಅಂಥ ನಾನು ಇವತ್ತು ಒಂದು ಡಿಜೆ ಹಾಡಿನ ಪರ ಮಾತಾಡುತ್ತಿದ್ದೇನೆ. ಬೈಯುವವರು ಪೂರ್ತಿ ಓದಿ ಬೈಯಿರಿ.

2020ರ ಡಿಸೆಂಬರ್. ಕುಂದಗೋಳದ ಕಡೆ ನಮ್ಮ ಹಳ್ಳಿಯಲ್ಲಿ ಕಾಕಾನ ಮಗಳ ಮದುವೆ. ಜನ ಕಮ್ಮಿ ಇರಬೇಕು ಅಂತ ರೂಲ್ಸು. ಆದರೂ ಅರ್ಧ ಊರು ಬಂದಿತ್ತು, ಮಾಸ್ಕು ಗದ್ದದ ಕೆಳಗೆ. ಹಿಂದಿನ ರಾತ್ರಿ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಾಲ್ಕು ಬಾಕ್ಸು, ಪಕ್ಕದಲ್ಲಿ ಜನರೇಟರ್, ಮಧ್ಯೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಇಪ್ಪತ್ತೂ ತುಂಬದ ಒಬ್ಬ ಹುಡುಗ. ಅವನ ಲ್ಯಾಪ್‌ಟಾಪಿನ ಎರಡು ಕೀ ಕಿತ್ತು ಹೋಗಿದ್ದವು, ಆ ಜಾಗದಲ್ಲಿ ಟಿಕಳಿ ಅಂಟಿಸಿದ್ದ. ಎಂದಿನ ಹಾಡುಗಳೆಲ್ಲ ಮುಗಿದವು. ಹುಡುಗರು ಬೆವರಿ ಕೂತರು. ಆಗ ಅವನು ಒಂದು ಟಿಕಳಿ ಒತ್ತಿದ.

ಮೊದಲು ಬರೀ ಧಮ್, ಧಮ್, ಧಮ್, ಧಮ್. ಆಮೇಲೆ ಒಂದು ಹೆಣ್ಣಿನ ದನಿ. ತೆಳುವಾದ ದನಿಯಲ್ಲ, ಎದೆಯಿಂದ ಬಂದ ತುಂಬು ದನಿ. ಅದು 'ಯೆರೂಸಲೇಮ' ಹಾಡು. ದಕ್ಷಿಣ ಆಫ್ರಿಕಾದ ಮಾಸ್ಟರ್ ಕೆಜಿ ಮಾಡಿದ್ದು, ನೋಮ್‌ಸೆಬೊ ಝಿಕೋಡೆ ಹಾಡಿದ್ದು. ಅಲ್ಲಿದ್ದ ಯಾರಿಗೂ ಒಂದು ಪದ ತಿಳಿಯಲಿಲ್ಲ. ಆದರೆ ಅಷ್ಟೊತ್ತು ಗೋಡೆಗೆ ಒರಗಿ ಕೂತಿದ್ದ ಹೆಂಗಸರು ಒಬ್ಬೊಬ್ಬರೇ ಎದ್ದರು. ನಮ್ಮ ದೊಡ್ಡವ್ವ ಏಳಲಿಲ್ಲ. ಕೂತಲ್ಲೇ ತೊಡೆ ಮೇಲೆ ತಾಳ ಹಾಕುತ್ತಿದ್ದಳು.

"ಏನಂತಾಳೋ ಆಕಿ?"

ನಾನು ಮೊಬೈಲಿನಲ್ಲಿ ಹುಡುಕಿ ಹೇಳಿದೆ. "ಯೆರೂಸಲೇಮ್ ನನ್ನ ಮನಿ. ನನ್ನ ಕಾಪಾಡು, ನನ್ನ ಜೋಡಿ ನಡಿ, ಇಲ್ಲೇ ಬಿಟ್ಟು ಹೋಗಬ್ಯಾಡ. ನನ್ನ ಜಾಗಾ ಇದಲ್ಲ ಅಂತಾಳ, ದೊಡ್ಡವ್ವ."

"ಹಂಗಂದ್ರ ಇದು ಭಜನಿ ಪದಾನ ಬಿಡು."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ಹಾಡು ಜಗತ್ತಿನಲ್ಲೆಲ್ಲ ಹೆಂಗೆ ಗೆದ್ದಿತು ಅಂತ ಆಮೇಲೆ ಎಷ್ಟೋ ಜನ ವಿವರಿಸಿದ್ದನ್ನ ಓದಿದೆ. ಟಿಕ್‌ಟಾಕ್, ಚಾಲೆಂಜು, ಲಾಕ್‌ಡೌನು, ಅದೃಷ್ಟ. ಎಲ್ಲ ಸರಿ. ಆದರೆ ದೊಡ್ಡವ್ವ ಹೇಳಿದ್ದನ್ನ ಯಾರೂ ಹೇಳಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹಾಡು ಬಂದಿದ್ದು 2019ರ ಕೊನೆಗೆ. ಮಾಸ್ಟರ್ ಕೆಜಿ ಲಿಂಪೊಪೊ ಪ್ರಾಂತ್ಯದವನು, ಜೋಹಾನ್ಸ್‌ಬರ್ಗಿನಂಥ ದೊಡ್ಡ ಊರಿನವನಲ್ಲ. ಹಾಡು ಝುಲು ಭಾಷೆಯದು. 2020ರ ಫೆಬ್ರುವರಿಯಲ್ಲಿ ಅಂಗೋಲಾದ ಲುವಾಂಡಾದಲ್ಲಿ ಒಂದು ಡ್ಯಾನ್ಸ್ ಗುಂಪಿನವರು ಊಟದ ತಾಟು ಕೈಯಲ್ಲಿ ಹಿಡಿದು, ಉಣ್ಣುತ್ತಲೇ ಇದಕ್ಕೆ ಹೆಜ್ಜೆ ಹಾಕಿದ ವಿಡಿಯೊ ಬಿಟ್ಟರು. ಅಂಗೋಲಾದಲ್ಲಿ ನಡೆಯುವುದು ಪೋರ್ಚುಗೀಸ್. ಅಂದರೆ ಹಾಡಿಗೆ ಕಾಲು ಕೊಟ್ಟವರಿಗೇ ಹಾಡಿನ ಭಾಷೆ ಬೇರೆ! ಅಲ್ಲಿಂದ ಅದು ಆಸ್ಪತ್ರೆಯ ನರ್ಸುಗಳು, ಚರ್ಚಿನ ಸಿಸ್ಟರುಗಳು, ವಿಮಾನದ ಸಿಬ್ಬಂದಿ ಅಂತ ಹಬ್ಬುತ್ತಾ ಹೋಯಿತು. ನೈಜೀರಿಯಾದ ಬರ್ನಾ ಬಾಯ್ ಸೇರಿಕೊಂಡ ರೀಮಿಕ್ಸ್ ಬಂತು. ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ರಾಮಫೋಸಾ ಟಿವಿಯಲ್ಲಿ ಕೊರೊನಾ ಭಾಷಣ ಮಾಡುತ್ತಾ, 24ನೇ ತಾರೀಕಿನ ಪರಂಪರೆ ದಿನಕ್ಕೆ ಎಲ್ಲರೂ ಈ ಹಾಡಿಗೆ ಕುಣಿಯಿರಿ ಅಂದರು. ನಮ್ಮಲ್ಲಿ ತಾಟು ಬಾರಿಸಿದ್ದು ನೆನಪಾಯಿತು, ಇರಲಿ.

ಈಗ ಆ ಕುಣಿತ ನೋಡಿ. ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ. ಸಾಲಾಗಿ ನಿಲ್ಲುತ್ತಾರೆ. ಬಲಗಾಲು ಮುಂದೆ ತಟ್ಟುತ್ತಾರೆ, ಎಡಗಾಲು ತಟ್ಟುತ್ತಾರೆ, ಎರಡು ಹೆಜ್ಜೆ ಆಚೆ ಈಚೆ, ಆಮೇಲೆ ಎಲ್ಲರೂ ಒಟ್ಟಿಗೆ ಪಕ್ಕದ ದಿಕ್ಕಿಗೆ ತಿರುಗುತ್ತಾರೆ. ಮತ್ತೆ ಅದೇ. ನಾಲ್ಕು ಸುತ್ತಿಗೆ ನಾಲ್ಕು ದಿಕ್ಕೂ ಮುಗಿಯುತ್ತೆ. ಆರು ಅಡಿ ದೂರ ನಿಂತು ಒಟ್ಟಿಗೆ ಕುಣಿಯೋಕೆ ಇದಕ್ಕಿಂತ ಚಲೋದು ಯಾವುದಿತ್ತು ಹೇಳಿ? ಆ ವರ್ಷ ಮನುಷ್ಯರಿಗೆ ಬೇಕಾಗಿದ್ದೂ ಅದೇ. ಮುಟ್ಟುವಂಗಿಲ್ಲ, ಆದರೆ ಒಬ್ಬರೇ ಇರೋಕೂ ಆಗಲ್ಲ. ನಮ್ಮ ಧಾರವಾಡ, ಗದಗ ಸೀಮೆಯ ಹೆಜ್ಜೆಮೇಳ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕಾಲಲ್ಲಿ ಗೆಜ್ಜೆ, ಎಲ್ಲರದ್ದೂ ಒಂದೇ ಹೆಜ್ಜೆ, ತಪ್ಪಿದವನು ಪಕ್ಕದವನ ಕಾಲು ನೋಡಿ ಸರಿ ಮಾಡಿಕೊಳ್ಳುತ್ತಾನೆ.

ಇನ್ನು ಆ ಧಮ್ ಧಮ್. ಅದಕ್ಕೆ ಹೌಸ್ ಮ್ಯೂಸಿಕ್ ಅಂತ ಹೆಸರು. ಮನೆ ಅನ್ನುವ ಅರ್ಥದ ಹೌಸ್ ಅಲ್ಲ. ಅಮೆರಿಕದ ಶಿಕಾಗೊದಲ್ಲಿ 1977ರಲ್ಲಿ ಶುರುವಾದ ವೇರ್‌ಹೌಸ್ ಅನ್ನುವ ಕ್ಲಬ್ಬಿನಿಂದ ಬಂದ ಹೆಸರು. ಅಲ್ಲಿ ಫ್ರಾಂಕಿ ನಕಲ್ಸ್ ಅನ್ನುವ ಡಿಜೆ ಹಳೇ ಡಿಸ್ಕೊ ಹಾಡುಗಳನ್ನ ಉದ್ದ ಮಾಡಿ ಬೆಳತನಕ ಬಾರಿಸುತ್ತಿದ್ದ. ಮುಂದೆ ಆ ಸಂಗೀತಕ್ಕೆ ಡ್ರಮ್ ಮಷೀನಿನ ಪೆಟ್ಟೂ ಸೇರಿತು. ನಾಲ್ಕು ಎಣಿಕೆ, ನಾಲ್ಕಕ್ಕೂ ಒಂದೊಂದು ದಪ್ಪ ಪೆಟ್ಟು, ಒಂದೂ ಖಾಲಿ ಇಲ್ಲ. ಅಲ್ಲಿ ಕುಣಿಯಲು ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಜನ, ಬೇರೆ ಕಡೆ ಯಾರೂ ಹತ್ತಿರ ಸೇರಿಸದ ಸಲಿಂಗಿಗಳು. ಅವರ ಚರ್ಚಿನ ಹಾಡಿನ ದನಿಯೂ ಆ ಸಂಗೀತದೊಳಗೆ ಮೊದಲಿಂದಲೂ ಇದೆ. ಹಂಗಾಗಿ ಹೌಸ್ ಬೀಟಿನ ಮೇಲೆ ದೇವರ ಹಾಡು ಬಂತು ಅಂದರೆ ಅದು ಹೊಸ ಪ್ರಯೋಗ ಅಲ್ಲ. ಮನೆ ಬಿಟ್ಟು ಹೋದ ಮಗಳು ತವರಿಗೆ ಬಂದಂಗೆ.

ಹುಬ್ಬಳ್ಳಿಯವರಿಗೆ ಈ ಪೆಟ್ಟು ಬೇರೆ ದೇಶದ್ದು ಅನ್ನಿಸಬಾರದು. ಹೋಳಿಯಲ್ಲಿ ಜಗ್ಗಲಗಿ ಕೇಳಿಲ್ವಾ? ಎತ್ತಿನ ಗಾಡಿ ಗಾಲಿಯ ಕಬ್ಬಿಣದ ಪಟ್ಟಿಗೆ ಎಮ್ಮೆ ಚರ್ಮ ಬಿಗಿದು, ಉರುಳಿಸಿಕೊಂಡು ಬಂದು ಕೋಲಿನಿಂದ ಹೊಡೆಯುತ್ತಾರಲ್ಲ, ಆಗ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳುತ್ತೆ.

ಧಾರವಾಡದ ನನ್ನ ಕೆಲವು ಗೆಳೆಯರು ಇದಕ್ಕೆ ಒಪ್ಪುವುದಿಲ್ಲ. ಹಿಂದೂಸ್ತಾನಿ ಸಂಗೀತದ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಊರಿನಲ್ಲಿ ಕೂತು ಇಂಥದ್ದನ್ನ ಹೊಗಳುತ್ತೀಯಲ್ಲ ಅಂತಾರೆ. ನಮ್ಮ ಕುಂದಗೋಳ ಸವಾಯಿ ಗಂಧರ್ವರ ಊರು. ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಗಂಗೂಬಾಯಿ ಹಾನಗಲ್ ಕಲಿತ ಊರು. ನನಗೂ ಅದರ ಜಂಬ ಇದೆ. ಆದರೆ ಅದೇ ಕುಂದಗೋಳದ ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿ ಶರೀಫರ ಪದ ಹಾಡುವ ಮೇಳಗಳೂ ಇವೆ. ಅಲ್ಲಿ ರಾಗ ಬಿಡಿಸುವವರು ಯಾರೂ ಇಲ್ಲ. ಪದಕ್ಕೆ ಪಲ್ಲ ಇರುತ್ತೆ, ಅಂದರೆ ಪಲ್ಲವಿ; ನುಡಿ ಇರುತ್ತೆ, ಅಂದರೆ ಚರಣ. ಒಬ್ಬ ಪಲ್ಲದ ಸಾಲು ಎತ್ತುತ್ತಾನೆ, ಹತ್ತು ಜನ ಹಿಡಿಯುತ್ತಾರೆ, ಮತ್ತೆ ಅದೇ ಸಾಲು, ಮತ್ತೆ ಅದೇ ಸಾಲು, ಸ್ವಲ್ಪ ಜೋರಾಗಿ, ಸ್ವಲ್ಪ ಬಿರುಸಾಗಿ. ಇಪ್ಪತ್ತನೇ ಸಲಕ್ಕೆ ಅರ್ಥ ಕರಗಿ ಹೋಗಿ ಬರೀ ದನಿ ಉಳಿಯುತ್ತೆ. ಯೆರೂಸಲೇಮ ಗೆದ್ದಿದ್ದು ಅಲ್ಲಿ ಅಂತ ನನ್ನ ವಾದ. ಝುಲು ಗೊತ್ತಿಲ್ಲದವರೂ ಅದರೊಳಗೆ ಹೋಗಲು ಸಾಧ್ಯವಾಗಿದ್ದು ಸಾಲುಗಳು ಕಮ್ಮಿ ಇದ್ದಿದ್ದಕ್ಕೆ. ಮೂರನೇ ಸಲಕ್ಕೆ ನೀವೂ ಹಾಡುತ್ತೀರಿ. ತಪ್ಪಾಗಿ ಹಾಡುತ್ತೀರಿ, ಆದರೆ ಹಾಡುತ್ತೀರಿ.

ಒಂದು ವಿಷಯಕ್ಕೆ ಮಾತ್ರ ನನಗೆ ಇನ್ನೂ ಹೊಟ್ಟೆ ಉರಿಯುತ್ತೆ. 2021ರಲ್ಲಿ ಜರ್ಮನಿಯಲ್ಲಿ, ಈ ಹಾಡಿಗೆ ಕುಣಿದು ವಿಡಿಯೊ ಹಾಕಿದ ಪೊಲೀಸರು, ಅಗ್ನಿಶಾಮಕದವರು ಮುಂತಾದವರ ಹತ್ತಿರ ಹಾಡಿನ ಹಕ್ಕಿನ ಕಂಪನಿ ಲೈಸೆನ್ಸ್ ದುಡ್ಡು ಕೇಳಿತು. ಒಂದು ರಾಜ್ಯದ ಗೃಹ ಇಲಾಖೆ ತನ್ನ ಪೊಲೀಸರ ಪರವಾಗಿ ಕಟ್ಟಿಯೂ ಕಟ್ಟಿತು. ಅದೇ ವರ್ಷ ನೋಮ್‌ಸೆಬೊ, ಈ ಹಾಡಿನಿಂದ ನನಗೆ ಇನ್ನೂ ಒಂದು ಪೈಸೆ ಬಂದಿಲ್ಲ ಅಂತ ಬಹಿರಂಗವಾಗಿ ಹೇಳಿದಳು. ಮಾಸ್ಟರ್ ಕೆಜಿ ಕಡೆಯವರೂ ತಮ್ಮ ಮಾತು ಹೇಳಿದರು, ಜಗಳ ಬೆಳೆಯಿತು. ಲೆಕ್ಕ ಏನೇ ಇರಲಿ, ಜಗತ್ತು ಕುಣಿದಿದ್ದು ಆಕೆಯ ದನಿಗೆ. ಆಕೆ ರೊಕ್ಕಕ್ಕೆ ಬೀದಿಯಲ್ಲಿ ನಿಂತು ಕೇಳಬೇಕಾಯಿತಲ್ಲ! ಮುಂದೆ 2023ರಲ್ಲಿ ಬೇರೊಂದು ಹಾಡಿಗೆ ಆಕೆಗೆ ಗ್ರ್ಯಾಮಿ ಬಂತು, ಅಷ್ಟು ಸಮಾಧಾನ. ನಮ್ಮ ಮೇಳದವರಿಗೂ ರಾತ್ರಿಯೆಲ್ಲ ಹಾಡಿದ್ದಕ್ಕೆ ಸಿಗುವುದು ಒಂದು ಟವೆಲ್ಲು, ಒಂದು ತೆಂಗಿನಕಾಯಿ, ಎಲೆ ಅಡಿಕೆ. ಭಜನೆಗೆ ಎಂಥ ದುಡ್ಡು ಅಂತ ಕೇಳುವವರೇ ಆ ಟ್ರೇಲರಿನ ಹುಡುಗನಿಗೆ ಸಾವಿರಾರು ರೂಪಾಯಿ ಎಣಿಸಿಕೊಟ್ಟಿದ್ದನ್ನ ನಾನೇ ನೋಡಿದ್ದೇನೆ.

ನಮ್ಮ ಕಾಕಾ ನಮ್ಮೂರ ಭಜನಿ ಮೇಳದ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವನು. ಮಗಳ ಮದುವೆ ಮುಗಿದು ವಾರವಾದ ಮೇಲೆ ನನ್ನನ್ನ ಕರೆದು, "ಆ ಆಫ್ರಿಕಾದ್ದು ಹಚ್ಚೋ" ಅಂದ. ಮೊಬೈಲನ್ನ ಪೇಟಿ ಮೇಲೆ ಇಟ್ಟುಕೊಂಡ. ಎಡಗೈಯಲ್ಲಿ ಭಾತೆ ಒತ್ತುತ್ತಾ, ಬಲಗೈಯ ಬೆರಳಿನಿಂದ ಒಂದೊಂದೇ ಮನೆ ತಡಕಾಡಿದ. ಹತ್ತು ನಿಮಿಷಕ್ಕೆ ಸಾಲು ಸಿಕ್ಕಿತು. ಆಮೇಲೆ ಮೊಬೈಲ್ ಬಂದ್ ಮಾಡು ಅಂದ.

ಕಳೆದ ಶ್ರಾವಣದಲ್ಲಿ ಬಸವಣ್ಣನ ಗುಡಿಯಲ್ಲಿ ಭಜನೆ. ರಾತ್ರಿ ಎರಡು ಗಂಟೆ ಇರಬೇಕು. ಒಂದು ಪದ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದರು. ಕಾಕಾ ಸುಮ್ನೆ ಬೆರಳಾಡಿಸುತ್ತಿದ್ದವನು ಮೆಲ್ಲಗೆ ಆ ಸಾಲು ನುಡಿಸಿದ. ತಬಲಾದ ಹುಡುಗ ಚಹಾ ಕಪ್ಪು ಕೆಳಗಿಟ್ಟು ಡಗ್ಗಾದ ಮೇಲೆ ಧಮ್ ಧಮ್ ಅಂತ ನಾಲ್ಕು ಪೆಟ್ಟು ಕೊಟ್ಟ. ಮೇಳದ ಹಿರಿಯ ಅಜ್ಜ ಕಣ್ಣು ಮುಚ್ಚಿ ಕೇಳಿದ. ಎರಡು ಸುತ್ತು ಆಯಿತು, ಮೂರು ಸುತ್ತು ಆಯಿತು.

"ಪಲ್ಲ ಚಲೋ ಐತಿ. ನುಡಿ ಹಾಡ್ರಲೇ ಇನ್ನ."

"ನುಡಿ ಇಲ್ರಿ ಅಜ್ಜಾರ. ಬರೇ ಪಲ್ಲ ಐತಿ."

ಅಜ್ಜ ಕಣ್ಣು ಬಿಟ್ಟ. "ಹಂಗಾರ ಮುಗಿಯೂದು ಯಾವಾಗ?"