ನಮ್ಮ ಬಸ್ ಸ್ಟಾಪಿನ ಗೋಡೆ ಮೇಲಿರುವುದು ವಾರ್ಲಿ ಅಲ್ಲ

ಸಾಗರದ ಕಡೆ ನಮ್ಮೂರ ಬಸ್ ತಂಗುದಾಣದ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ. 'ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನ ಚಿತ್ರ ಬಳಿದಿದ್ದಾರೆ, ನಮ್ಮ ಕಲೆಗೆ ಬೆಲೆಯಿಲ್ಲ' ಅಂತ ಕೆಳಗೆ ಬರೆದಿದ್ದಾರೆ. ತಪ್ಪು. ಅದು ಹಸೆ ಚಿತ್ತಾರ, ಇಲ್ಲೇ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುತ್ತಾ ಬಂದಿರುವ ಕಲೆ.

ಕೆಂಪು ಗೋಡೆ, ಬಿಳಿ ಗೆರೆ ನೋಡಿ ಮೋಸಹೋಗುವುದು ಸುಲಭ ಬಿಡಿ. ವಾರ್ಲಿಯಲ್ಲಿ ಎರಡು ತ್ರಿಕೋನ ಸೇರಿಸಿದ ಮೈ, ದುಂಡು ತಲೆ, ಕುಣಿಯುವ ಮನುಷ್ಯರು. ಚಿತ್ತಾರದಲ್ಲಿ ಗೆರೆಗಳ ಲೆಕ್ಕವೇ ಜಾಸ್ತಿ, ಒಂದರ ಪಕ್ಕ ಒಂದು, ಜಾಲರಿ ಹೆಣೆದ ಹಾಗೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿ ನಾರು. ತಂಗುದಾಣಕ್ಕೆ ಮಾತ್ರ ಅಂಗಡಿ ಪೇಂಟೇ ಹಾಕಿದ್ದಾರೆ, ನಮ್ಮ ಮಳೆಗೆ ಅಕ್ಕಿ ಹಿಟ್ಟು ನಿಲ್ಲುತ್ತಾ?

ಇನ್ನೊಂದು ಮಾತು, 'ಬಿಹಾರದ ಮಧುಬನಿ ರೈಲ್ವೆ ಸ್ಟೇಷನ್ನಿನಲ್ಲಿ ಕಲಾವಿದರು ಪುಕ್ಕಟೆ ಚಿತ್ರ ಬರೆದರು, ಇಲ್ಲಿ ದುಡ್ಡು ಯಾಕೆ' ಅಂತ. 2017ರಲ್ಲಿ ಅಲ್ಲಿ ಶ್ರಮದಾನ ನಡೆದದ್ದು ನಿಜ. ಅದಕ್ಕೇ ಇಲ್ಲಿಯವರೂ ಸುಮ್ನೆ ದುಡಿಯಬೇಕಾ? ಚಾವಣಿ ಸೋರುತ್ತದೆ ಅನ್ನೋ ದೂರು ಮಾತ್ರ ಸರಿ, ಮೊನ್ನೆ ನಾನೇ ಒಳಗೆ ಕೊಡೆ ಹಿಡಿದು ಕೂತಿದ್ದೆ.