ಪುಟಕ್ಕಿಷ್ಟು ಪೈಸೆ

ನಮ್ಮ ಪಕ್ಕದ ಬೀದಿಯ ಕವಿಗಳು ಮೂರು ಸಾಲಿನ ಪದ್ಯಕ್ಕೆ ಹೆಸರಾದವರು. ಈಚೆಗೆ ಮೂವತ್ತು ಸಾಲಿಗೆ ಏರಿದ್ದಾರೆ. ಸ್ಫೂರ್ತಿಯೇನೂ ಜಾಸ್ತಿ ಆಗಿಲ್ಲ. ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುವುದು ಪುಟದ ಲೆಕ್ಕದಲ್ಲಿ ಅಂತ ಯಾರೋ ಹೇಳಿದರಂತೆ, ಅಷ್ಟೇ. ಡೆಮಿ 1/8 ಅನ್ನುವ ಪುಸ್ತಕದ ಅಳತೆ, ಪುಟಕ್ಕೆ ಇಷ್ಟು ಪೈಸೆ. ಬಸವಣ್ಣನವರೇ ನಾಲ್ಕು ಸಾಲಿನ ವಚನ ಹಿಡಿದು ಬಂದರೂ ‘ಸ್ವಲ್ಪ ಎಳೀರಿ ಸ್ವಾಮಿ’ ಅನ್ನಬೇಕು.

ದುಡ್ಡಿಲ್ಲ ಅಂತಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಒಂದೊಂದು ರೂಪಾಯಿಗೂ 6 ಪೈಸೆ ಗ್ರಂಥಾಲಯ ಕರ ಉಂಟು. ಪಾಲಿಕೆಗಳು ತಪ್ಪದೆ ವಸೂಲಿ ಮಾಡುತ್ತವೆ. ಇಲಾಖೆಗೆ ದಾಟಿಸುವಾಗ ಮಾತ್ರ ಮರೆವು. ಬಾಕಿ ಕೋಟಿಗಟ್ಟಲೆ. ‘ಹೊಸ ಪುಸ್ತಕ’ ಆಯ್ಕೆಯಾಗಿ ಬಿಲ್ ಪಾಸಾಗುವಷ್ಟರಲ್ಲಿ ಅದಕ್ಕೆ ಗೆದ್ದಲು ಹತ್ತಿರುತ್ತದೆ. ಲೇಖಕ ಸತ್ತ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಲ್ವಾ? ಕಾನೂನು ಬರೆದವರಿಗೆ ನಮ್ಮ ಬಿಲ್ಲಿನ ವೇಗ ಮೊದಲೇ ಗೊತ್ತಿತ್ತೋ ಏನೋ.

ಇನ್ನು ರಾಯಧನ, ಅಂದರೆ ಪ್ರಕಾಶಕರು ಲೇಖಕನಿಗೆ ಕೊಡುವ ಪಾಲು. ನೂರಕ್ಕೆ ಹತ್ತು ಅನ್ನುವುದು ವಾಡಿಕೆ. 200 ರೂಪಾಯಿಯ ಪುಸ್ತಕಕ್ಕೆ 20 ರೂಪಾಯಿ. ಒಂದು ಕಾಫಿ, ಅದೂ ನಿಂತು ಕುಡಿಯುವ ಕಡೆ. ನನಗಂತೂ ರಾಯಧನದ ಬಾಬ್ತು ಸಿಕ್ಕಿದ್ದು ನನ್ನದೇ ಪುಸ್ತಕದ 80 ಪ್ರತಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಅಲೆದು ಮಾರಿದರು. ನಾನು ಹೊತ್ತಿದ್ದು ಆಟೊದಿಂದ ಎರಡನೇ ಮಹಡಿಗೆ.

ಬಿಡುಗಡೆ ಸಮಾರಂಭಕ್ಕೆ ಜನ ಬಂದಿದ್ದರು, ಸುಳ್ಳು ಹೇಳಬಾರದು. ಸಭಾಂಗಣ, ಮೈಕು, ಹಾರ, ಉಪ್ಪಿಟ್ಟು, ಕೇಸರಿಬಾತು ಎಲ್ಲದಕ್ಕೂ ಮುಂಗಡ ಕೊಟ್ಟಿದ್ದೆ. ಕೈತೊಳೆದ ಮೇಲೆ ಒಬ್ಬೊಬ್ಬರೇ ಬಂದು ‘ನಮಗೊಂದು ಗೌರವ ಪ್ರತಿ ಇಲ್ವಾ?’ ಅಂದರು. ಹಾಲಿನವನ ಹತ್ತಿರ ಗೌರವ ಪ್ಯಾಕೆಟ್ ಕೇಳಿದವರನ್ನು ನಾನು ಇನ್ನೂ ನೋಡಿಲ್ಲ. ನಾಚಿಕೆಯಿಲ್ಲದೆ ಬೆಲೆ ಹೇಳಿದೆ. ‘ಪರವಾಗಿಲ್ಲ ಬಿಡಿ, ವಾಟ್ಸಾಪಿನಲ್ಲಿ ಪಿಡಿಎಫ್ ಬರುತ್ತೆ’ ಎಂದು ನನಗೇ ಸಮಾಧಾನ ಹೇಳಿ ಹೋದರು.

ದಸರೆಗೆ ಮನೆ ಗುಡಿಸುವಾಗ ಉಳಿದ 74 ಪ್ರತಿ ರದ್ದಿ ಅಂಗಡಿಗೆ ಹೋದವು. ಅವನು ಪುಟ ಎಣಿಸಲಿಲ್ಲ, ಅರ್ಜಿ ಕೇಳಲಿಲ್ಲ. ತೂಕ ಹಾಕಿ ಅಲ್ಲೇ ಕೈಗೆ ದುಡ್ಡು ಕೊಟ್ಟ. ಆಮೇಲೆ ಮುಖಪುಟದ ಫೋಟೊ ನೋಡಿದ, ನನ್ನನ್ನು ನೋಡಿದ.

‘ಸಾರ್, ಮುಂದಿನದು ಯಾವಾಗ?’