ಗಾಳಕ್ಕೆ ಕಟ್ಟಿದ ನೊಣ

ಟ್ರೌಟ್ ಮೀನು ಹಿಡಿಯಲೆಂದು ಗಾಳದ ಮೇಲೆ ಕಟ್ಟುವ ಕೃತಕ ನೊಣದಲ್ಲಿ ತಿನ್ನಲು ಯೋಗ್ಯವಾದದ್ದು ಏನೂ ಇರುವುದಿಲ್ಲ. ಹುಂಜದ ಕೊರಳಿನ ಒಂದು ಗರಿ, ಮೊಲದ ಕಿವಿಯ ಒಂದಿಷ್ಟು ತುಪ್ಪಳ, ನವಿಲುಗರಿಯ ಎರಡು ಎಳೆ, ತೀರ ತೆಳುವಾದ ನೂಲು, ಗಂಟು ಬಿಚ್ಚದಿರಲೆಂದು ಕೊನೆಯಲ್ಲಿ ಒಂದು ತೊಟ್ಟು ಅಂಟು: ಇಷ್ಟೇ ಅದರ ಸಂಪತ್ತು. ಎರೆಹುಳುವನ್ನು ಚುಚ್ಚಿ ದಡದಲ್ಲಿ ಕೂರುವವನು ಮೀನಿಗೆ ಊಟವನ್ನೇ ತೋರಿಸಿ ಕರೆಯುತ್ತಾನೆ; ನೊಣ ಕಟ್ಟುವವನು ಊಟದ ಚಿತ್ರವನ್ನು ತೋರಿಸಿ ಕರೆಯುತ್ತಾನೆ. ಮೋಸದಲ್ಲಿ ಇಬ್ಬರೂ ಸಮಾನರೇ. ಆದರೆ ಎರಡನೆಯವನ ಮೋಸಕ್ಕೆ ವಿದ್ಯೆ ಬೇಕು, ಮತ್ತು ಆ ವಿದ್ಯೆ ಅವನನ್ನು ಮೀನಿನಿಂದ ಹುಳುವಿನ ಕಡೆಗೂ ಹುಳುವಿನಿಂದ ನೀರಿನ ಕಡೆಗೂ, ಅವನಿಗೆ ಗೊತ್ತಾಗದಂತೆಯೇ, ಎಳೆದುಕೊಂಡು ಹೋಗುತ್ತದೆ.

ಈ ವಿದ್ಯೆ ಇಂದು ನಿನ್ನೆಯದಲ್ಲ. ಕ್ರಿ.ಶ. 200ರ ಸುಮಾರಿಗೆ ಬಾಳಿದ ಈಲಿಯನ್ ಎಂಬ ರೋಮನ್ ಲೇಖಕ ಮ್ಯಾಸಿಡೋನಿಯದ ಬೆಸ್ತರ ವಿಷಯ ಬರೆದಿದ್ದಾನೆ. ಅಲ್ಲಿನ ಅಸ್ಟ್ರೇಯಸ್ ಹೊಳೆಯ ಚುಕ್ಕೆಮೀನುಗಳು ನೀರಿನ ಮೇಲೆ ಹಾರಾಡುವ ಒಂದು ಬಗೆಯ ನೊಣವನ್ನು ಬಲು ಆಸೆಯಿಂದ ತಿನ್ನುತ್ತಿದ್ದವಂತೆ. ಆ ನೊಣವನ್ನೇ ಹಿಡಿದು ಗಾಳಕ್ಕೆ ಸಿಕ್ಕಿಸೋಣವೆಂದರೆ, ಮನುಷ್ಯನ ಕೈ ತಗುಲಿದ ಕೂಡಲೇ ಅದರ ಬಣ್ಣ ಮಾಸಿ ರೆಕ್ಕೆ ಮುದುಡಿ, ಮೀನು ಅದನ್ನು ಒಲ್ಲೆನ್ನುತ್ತಿತ್ತು. ಆದ್ದರಿಂದ ಅವರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗದ್ದದ ಜೋಲುಮಾಂಸದ ಕೆಳಗೆ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಕಟ್ಟಿದರು. ನಿಜವಾದ ನೊಣ ಸೋತ ಕಡೆ ಸುಳ್ಳು ನೊಣ ಗೆದ್ದಿತು. ಇಷ್ಟು ಶತಮಾನಗಳ ಮೇಲೆಯೂ ಉಣ್ಣೆ ಮತ್ತು ಹುಂಜದ ಗರಿ ಈ ಕಸುಬಿನಿಂದ ನಿವೃತ್ತವಾಗಿಲ್ಲ.

ಗಾಳವನ್ನು ವೈಸ್ ಎಂಬ ಹಿಡಿತದ ಉಪಕರಣದ ಬಾಯಿಗೆ ಕಚ್ಚಿಸಿ ನೂಲು ಸುತ್ತಲು ಕುಳಿತವನಿಗೆ ಮೊದಲು ಬೇಕಾದದ್ದು ಕಡಿಮೆ ಮಾಡುವ ಬುದ್ಧಿ. ಹೊಸಬರು ಕಟ್ಟಿದ ನೊಣ ಸಾಮಾನ್ಯವಾಗಿ ದಪ್ಪಗೆ, ತುಪ್ಪಳ ತುಂಬಿಕೊಂಡು, ನೊಣಕ್ಕಿಂತ ಹೆಚ್ಚಾಗಿ ನೊಣದ ಅಜ್ಜನಂತೆ ಕಾಣುತ್ತದೆ. ಗಾಳದ ಕಣ್ಣಿನ ಹತ್ತಿರ ಸುತ್ತಿದ ಗರಿಯ ಎಳೆಗಳು ಬಿಡಿಬಿಡಿಯಾಗಿ ನಿಂತರೆ ಮಾತ್ರ ಅವು ಕಾಲುಗಳಂತೆ ನೀರಿನ ಮೇಲ್ಪದರದ ಮೇಲೆ ಊರಿ ನಿಂತು ನೊಣವನ್ನು ತೇಲಿಸುತ್ತವೆ. ಬಣ್ಣದ ವಿಷಯದಲ್ಲಿ ಗಾಳಗಾರರು ಮಾಡುವಷ್ಟು ಜಗಳವನ್ನು ಮೀನು ಮಾಡುವುದಿಲ್ಲವೆಂದೇ ನನ್ನ ಅನುಮಾನ. ಅದು ಅನೇಕ ಸಲ ಮುಖ ತಿರುಗಿಸುವುದು ನೊಣದ ನಡಿಗೆಯನ್ನು ಕಂಡು: ದಾರದ ಎಳೆತಕ್ಕೆ ಸಿಕ್ಕಿದ ನೊಣ ತನ್ನ ಸುತ್ತಲಿನ ನೀರಿಗಿಂತ ತುಸು ಬೇಗ ಹರಿದರೂ ಸಾಕು, ಎಷ್ಟು ಸೊಗಸಾಗಿ ಕಟ್ಟಿದ್ದರೂ ಅದು ವ್ಯರ್ಥ.

ಈ ಎಲ್ಲ ಕಲೆಗಾರಿಕೆಯ ಹಿಂದೆ ಮಾದರಿಯಾಗಿ ನಿಂತಿರುವ ಜೀವಗಳಲ್ಲಿ ಮೇಫ್ಲೈ ಎಂಬ ಕೀಟ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅನೇಕ ಜಾತಿಗಳಲ್ಲಿ ಅದು ಸುಮಾರು ಒಂದು ವರ್ಷ ಕಾಲ ಮರಿಯಾಗಿ ಹೊಳೆಯ ತಳದ ಕಲ್ಲುಗಳಿಗೆ ಅಂಟಿಕೊಂಡು, ಪಾಚಿಯನ್ನು ಕೆರೆದು ತಿನ್ನುತ್ತಾ, ಮತ್ತೆ ಮತ್ತೆ ಪೊರೆ ಕಳಚುತ್ತಾ ಬೆಳೆಯುತ್ತದೆ. ಒಂದು ದಿನ ಮೇಲಕ್ಕೆ ತೇಲಿ ಬಂದು, ಬೆನ್ನಿನ ಪೊರೆಯನ್ನು ಸೀಳಿಕೊಂಡು, ಮಂಕು ಬಣ್ಣದ ರೆಕ್ಕೆಗಳೊಡನೆ ನೀರಿನ ಮೇಲೆ ಕೂರುತ್ತದೆ. ರೆಕ್ಕೆ ಬಂದಿತೆಂದು ಅದರ ಕೆಲಸ ಮುಗಿಯುವುದಿಲ್ಲ. ದಡದ ಗಿಡಕ್ಕೆ ಹಾರಿ ಅಲ್ಲಿ ಇನ್ನೊಮ್ಮೆ ಪೊರೆ ಬಿಡುತ್ತದೆ. ರೆಕ್ಕೆ ಬಂದ ಮೇಲೆ ಪೊರೆ ಕಳಚುವ ಕೀಟ ಇಂದು ಇದೊಂದೇ. ಹಾಗೆ ಹೊರಬಂದ ಗಾಜಿನಂಥ ರೆಕ್ಕೆಯ ಹುಳುವಿಗೆ ತಿನ್ನಲು ಕೆಲಸಕ್ಕೆ ಬರುವ ಬಾಯಿಯೇ ಇರುವುದಿಲ್ಲ. ಮದುವೆಯೊಂದನ್ನು ಇಟ್ಟುಕೊಂಡು ಊಟವನ್ನು ಬಿಟ್ಟ ಮದುಮಗನಂತೆ ಅದು ಕೂಡಿ, ಮೊಟ್ಟೆಯನ್ನು ನೀರಿಗೆ ಒಪ್ಪಿಸಿ, ಕೆಲವು ಗಂಟೆಗಳಲ್ಲಿಯೋ ಒಂದೆರಡು ದಿನಗಳಲ್ಲಿಯೋ ಸಾಯುತ್ತದೆ. ಟ್ರೌಟ್ ಈ ಎಲ್ಲ ಹಂತಗಳಲ್ಲೂ ಅದನ್ನು ತಿನ್ನುವುದರಿಂದ, ಒಂದೇ ಹುಳುವಿಗಾಗಿ ತಳದಲ್ಲಿ ಉರುಳುವ ಮರಿಯನ್ನು ಒಂದು, ಮೇಲೆ ಕೂತ ಮಂಕುರೆಕ್ಕೆಯದನ್ನು ಒಂದು, ರೆಕ್ಕೆ ಚಾಚಿ ಸತ್ತು ತೇಲುವುದನ್ನು ಇನ್ನೊಂದು ಎಂದು ಬೇರೆ ಬೇರೆ ನೊಣ ಕಟ್ಟಬೇಕಾಗುತ್ತದೆ.

ಮಾದರಿಯನ್ನು ಹುಡುಕಿಕೊಂಡು ಹೊಳೆಯ ಕಲ್ಲನ್ನು ಎತ್ತಿ ನೋಡುವ ಅಭ್ಯಾಸ ಬೆಳೆಯುವುದು ಹೀಗೆ. ಕಲ್ಲಿನ ಅಡಿಯಲ್ಲಿ ಮೇಫ್ಲೈ ಮರಿ, ಮರಳಿನ ಕಣಗಳನ್ನೋ ಕಡ್ಡಿಚೂರುಗಳನ್ನೋ ಸೇರಿಸಿ ತನಗೊಂದು ಕವಚ ಹೊಲಿದುಕೊಂಡ ಕ್ಯಾಡಿಸ್ ಹುಳು, ಎರಡು ಬಾಲದ ಸ್ಟೋನ್‌ಫ್ಲೈ ಮರಿ ಸಿಕ್ಕಿದರೆ ನೀರು ಚೆನ್ನಾಗಿದೆಯೆಂದೇ ಅರ್ಥ. ನೀರಿನ ಗುಣವನ್ನು ಅಳೆಯುವ ವಿಜ್ಞಾನಿಗಳೂ ಈ ಮೂರು ಗುಂಪುಗಳನ್ನೇ ಎಣಿಸುತ್ತಾರೆ. ಕೊಳೆ ಸೇರಿದ ಹೊಳೆಯಿಂದ ಮೊದಲು ಮನೆ ಖಾಲಿ ಮಾಡುವವು ಇವೇ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಮಗುಚಿ ಇಡಬೇಕೆಂಬುದನ್ನು ಮಾತ್ರ ಮರೆಯಬಾರದು, ಅದು ಯಾರದೋ ಮನೆಯ ಸೂರು.

ನೀರಿನ ಬಿಸಿಯೂ ಅಷ್ಟೇ ಮುಖ್ಯ. ಹತ್ತು ಡಿಗ್ರಿ ಸೆಲ್ಸಿಯಸ್ ತಂಪಿನ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಇಪ್ಪತ್ತು ಡಿಗ್ರಿಯ ನೀರು ಸುಮಾರು 9 ಮಿಲಿಗ್ರಾಂ ಮಾತ್ರ ಹಿಡಿಯಬಲ್ಲದು. ಮೀನಿಗಾದರೋ ಬಿಸಿ ಏರಿದಷ್ಟೂ ಉಸಿರು ಹೆಚ್ಚು ಬೇಕು. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಹೆಣಗಾಡಿದ ಟ್ರೌಟನ್ನು ಎಷ್ಟು ನಯವಾಗಿ ಬಿಟ್ಟರೂ ಅದು ಕಣ್ಣಿಗೆ ಕಾಣದ ಕಡೆ ಹೋಗಿ ಸತ್ತೀತು. ಇಪ್ಪತ್ತರ ಹತ್ತಿರ ಬಂದಾಗ ಕೋಲನ್ನು ಮಡಚಿಡುವ ಗಾಳಗಾರನೇ ನನ್ನ ದೃಷ್ಟಿಯಲ್ಲಿ ನುರಿತವನು. ಗಾಳದ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುವುದು, ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಮೀನು ಬಾಲದಿಂದ ತೋಡಿ ಮುಚ್ಚಿದ ಹರಳುಕಲ್ಲಿನ ಹಾಸನ್ನು ತುಳಿಯದಿರುವುದು, ಒಂದು ಹೊಳೆಯ ಬೂಟನ್ನು ತೊಳೆದು ಒಣಗಿಸದೆ ಇನ್ನೊಂದು ಹೊಳೆಗೆ ಇಳಿಸದಿರುವುದು ಇವೂ ಈ ಜಾತಿಯವೇ. ನ್ಯೂಜಿಲೆಂಡಿನ ಹೊಳೆಯಲ್ಲಿ 2004ರಲ್ಲಿ ಡಿಡಿಮೊ ಎಂಬ ಅಂಟುಪಾಚಿ ಕಾಣಿಸಿಕೊಂಡು ಹರಡಿದಾಗ, ತೇವವನ್ನು ಬಹಳ ಹೊತ್ತು ಹೀರಿಟ್ಟುಕೊಳ್ಳುವ ಫೆಲ್ಟ್ ಎಂಬ ಒತ್ತುಬಟ್ಟೆಯ ಅಟ್ಟೆಯ ಬೂಟುಗಳನ್ನು ಅಲ್ಲಿನ ಸರಕಾರ 2008ರಲ್ಲಿ ನಿಷೇಧಿಸಿಬಿಟ್ಟಿತು.

ಗರಿಯ ಮೋಹ ದಾರಿ ತಪ್ಪಿಸುವುದೂ ಉಂಟು. ಹಳೆಯ ಕಾಲದಲ್ಲಿ ಸಾಲ್ಮನ್ ಮೀನಿಗೆಂದು ಕಟ್ಟುತ್ತಿದ್ದ ನೊಣಗಳಿಗೆ ದೂರದ ಕಾಡುಗಳ ಅಪರೂಪದ ಹಕ್ಕಿಗಳ ಗರಿ ಬೇಕಾಗುತ್ತಿತ್ತು. 2009ರಲ್ಲಿ ಅಂಥ ಗರಿಗಳಿಗಾಗಿಯೇ ಇಂಗ್ಲೆಂಡಿನ ಟ್ರಿಂಗ್‌ನ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ಚರ್ಮಗಳು ಕಳವಾದವು. ಅವನ್ನು ಕಟ್ಟಿದ ನೊಣಗಳಲ್ಲಿ ಹೆಚ್ಚಿನವು ನೀರಿನ ಮುಖವನ್ನೇ ನೋಡದೆ ಚೌಕಟ್ಟಿನೊಳಗೆ ಕುಳಿತುಕೊಳ್ಳುವಂಥವು. ಟ್ರೌಟ್ ಇಷ್ಟು ದುಬಾರಿ ಅಭಿರುಚಿಯ ಪ್ರಾಣಿಯಲ್ಲ, ಅದಕ್ಕೆ ಹುಂಜ ಸಾಕು.

ಆದರೆ ಟ್ರೌಟನ್ನು ಪ್ರೀತಿಸುವುದೂ ಹೊಳೆಯನ್ನು ಪ್ರೀತಿಸುವುದೂ ಎಲ್ಲೆಡೆಯೂ ಒಂದೇ ಅಲ್ಲವೆಂಬುದು ಈ ಹವ್ಯಾಸದ ನುಂಗಲಾರದ ತುತ್ತು. 1864ರಲ್ಲಿ ಅದರ ಮೊಟ್ಟೆಗಳನ್ನು ಪಾಚಿಯಲ್ಲಿಟ್ಟು, ಮಂಜುಗಡ್ಡೆಯ ನಡುವೆ ಪೆಟ್ಟಿಗೆ ಕಟ್ಟಿ, ಇಂಗ್ಲೆಂಡಿನಿಂದ ಆಸ್ಟ್ರೇಲಿಯದ ಟಾಸ್ಮೇನಿಯಕ್ಕೆ ಹಡಗಿನಲ್ಲಿ ಸಾಗಿಸಿದರು. ಅಲ್ಲಿಂದ 1867ರಲ್ಲಿ ನ್ಯೂಜಿಲೆಂಡಿಗೆ ಒಯ್ದರು. ಅಲ್ಲಿನ ಹೊಳೆಗಳಲ್ಲಿ ಮೊದಲಿನಿಂದ ಇದ್ದ ಗ್ಯಾಲಕ್ಸಿಯಸ್ ಎಂಬ ಚಿಕ್ಕ ಮೀನುಗಳು ಈ ಅತಿಥಿಗೆ ಆಹಾರವಾದವು. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಬಗ್ಗೆ ಐ.ಯು.ಸಿ.ಎನ್. ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಬ್ರೌನ್ ಟ್ರೌಟ್, ರೇನ್‌ಬೋ ಟ್ರೌಟ್ ಎರಡೂ ಇವೆ. ಇಂಥ ಕಡೆ ಹಿಡಿದದ್ದನ್ನೆಲ್ಲ ನೀರಿಗೆ ಬಿಡುವುದೇ ಸಜ್ಜನಿಕೆ ಎಂಬ ಸೂತ್ರ ಕೆಲಸಕ್ಕೆ ಬಾರದು.

ಅಮೆರಿಕದ ಯೆಲ್ಲೊಸ್ಟೋನ್ ಸರೋವರದಲ್ಲಿ ಕಟ್‌ಥ್ರೋಟ್ ಟ್ರೌಟ್ ಸ್ಥಳೀಯ ಮೀನು. ಅದು ಮೊಟ್ಟೆಯಿಡಲು ಆಳವಿಲ್ಲದ ತೊರೆಗಳಿಗೆ ಏರುವುದರಿಂದ ಕರಡಿ, ನೀರುನಾಯಿ, ಹದ್ದುಗಳಿಗೆಲ್ಲ ಅದರಿಂದ ಊಟ ಸಿಗುತ್ತಿತ್ತು. ಯಾರೋ ತಂದು ಬಿಟ್ಟ ಲೇಕ್ ಟ್ರೌಟ್ ಅಲ್ಲಿರುವುದು 1994ರಲ್ಲಿ ಖಚಿತವಾಯಿತು. ಅದು ಕಟ್‌ಥ್ರೋಟನ್ನು ತಿನ್ನುತ್ತದೆ, ತಾನು ಮಾತ್ರ ಆಳದಲ್ಲಿದ್ದು ಕರಡಿಯ ಕೈಗೆ ಸಿಗುವುದಿಲ್ಲ. ಅದಕ್ಕೇ ಅಲ್ಲಿ ಕಟ್‌ಥ್ರೋಟ್ ಸಿಕ್ಕಿದರೆ ಬಿಡಬೇಕು, ಲೇಕ್ ಟ್ರೌಟ್ ಸಿಕ್ಕಿದರೆ ಕೊಲ್ಲಲೇಬೇಕು ಎಂಬ ನಿಯಮವಿದೆ; ನನಗೆ ಅದು ನ್ಯಾಯವೆಂದೇ ತೋರುತ್ತದೆ. ದವಡೆಯ ಕೆಳಗೆ ಕೆಂಪು ಗೀರಿದ್ದರೆ ಅದು ಕಟ್‌ಥ್ರೋಟ್. ಕಪ್ಪು ಮೈಮೇಲೆ ತಿಳಿ ಚುಕ್ಕೆಗಳಿದ್ದು ಬಾಲ ಆಳವಾಗಿ ಕವಲೊಡೆದಿದ್ದರೆ ಲೇಕ್ ಟ್ರೌಟ್. ಈ ಪರೀಕ್ಷೆಯನ್ನು ಮೀನು ನೀರಿನಲ್ಲಿರುವಾಗಲೇ, ಒದ್ದೆ ಮಾಡಿಕೊಂಡ ಕೈಯಿಂದ ಮಾಡಿ ಮುಗಿಸಬೇಕು, ಏಕೆಂದರೆ ಒಣಗೈ ತಗುಲಿದರೆ ಮೈಯ ಲೋಳೆ ಕಿತ್ತುಬರುತ್ತದೆ, ಮತ್ತು ಅದು ಕೆಂಪು ಗೀರಿನ ಮೀನೇ ಆಗಿದ್ದ ಪಕ್ಷದಲ್ಲಿ ಇನ್ನೂ ತೊರೆ ಏರಬೇಕಾದದ್ದು.